ಹುಂಚದ ಬಸ್ಸಿನವರ ಕ್ಲೈಮ್ಯಾಕ್ಸು

ನಾನು ಸುಬ್ಬಪ್ಪ. ಹೊಸನಗರದ ವನಮಾಲಾ ಟಾಕೀಸಿನಲ್ಲಿ ಇಪ್ಪತ್ತೇಳು ವರ್ಷದಿಂದ ಗೇಟ್ ಕೀಪರ್. ಟಿಕೆಟ್ ಹರಿಯುವುದು, ಟಾರ್ಚ್ ಹಿಡಿದು ಸೀಟು ತೋರಿಸುವುದು, ಮುಂದಿನ ಕುರ್ಚಿಯ ಮೇಲೆ ಕಾಲಿಟ್ಟವರನ್ನು ಗದರಿಸುವುದು ನನ್ನ ಕೆಲಸ. ಮೂರನೆಯದನ್ನು ನಾನು ಬಹಳ ಮನಸ್ಸಿಟ್ಟು ಮಾಡುತ್ತೇನೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಕಾಲು ಅವರದ್ದು, ಕುರ್ಚಿ ನಮ್ಮದು.

ಇದಲ್ಲದೆ ನನಗೆ ಇನ್ನೊಂದು ಕೆಲಸವಿತ್ತು. ಬೇರೆ ಯಾವ ಟಾಕೀಸಿನ ಗೇಟ್ ಕೀಪರಿಗೂ ಅದು ಇರಲಿಕ್ಕಿಲ್ಲ. ನಮ್ಮಲ್ಲಿ ಮಧ್ಯಾಹ್ನದ ಆಟ ಶುರುವಾಗುವುದು ಎರಡೂವರೆಗೆ, ಬಿಡುವುದು ಐದೂಕಾಲಿಗೆ. ಹುಂಚದ ಮೇಲೆ ಕೋಣಂದೂರಿಗೆ ಹೋಗುವ ಬಸ್ಸು ಐದಕ್ಕೇ ಹೊರಡುತ್ತಿತ್ತು. ಅದು ತಪ್ಪಿದರೆ ಆ ಕಡೆಯ ಹಳ್ಳಿಯವರಿಗೆ ಬೇರೆ ಗತಿಯಿಲ್ಲ. ಹಾಗಾಗಿ ಐದಕ್ಕೆ ಹತ್ತು ನಿಮಿಷ ಇರುವಾಗ ನಾನು ಪರದೆಯ ಪಕ್ಕದ ಬಾಗಿಲನ್ನು ಒಂದಿಷ್ಟು ತೆಗೆದು, ಟಾರ್ಚಿನ ಬೆಳಕನ್ನು ನೆಲಕ್ಕೆ ಬಿಟ್ಟು, "ಹುಂಚದ ಬಸ್ಸು!" ಎಂದು ಕೂಗುತ್ತಿದ್ದೆ. ಪರದೆಯ ಮೇಲೆ ಹೀರೋ ವಿಲನ್ನಿನ ಕುತ್ತಿಗೆ ಹಿಡಿದಿರಲಿ, ನಾಯಕಿ ವಿಷದ ಲೋಟ ಎತ್ತಿರಲಿ, ಸಂತೆಗೆಂದು ಬಂದು ಸಿನಿಮಾಕ್ಕೆ ಕೂತ ಇಪ್ಪತ್ತು ಮೂವತ್ತು ಜನ ಎದ್ದು, ಚೀಲ ಕೊಡೆ ತಡಕಾಡಿಕೊಂಡು, ತಿರುಗಿ ತಿರುಗಿ ನೋಡುತ್ತ ಹೊರಗೆ ಹೋಗುತ್ತಿದ್ದರು.

ಮುಂದಿನ ಸಂತೆಯ ದಿನ ಅದೇ ಜನ ನನ್ನ ಗೇಟಿನ ಮುಂದೆ ಸಾಲು ನಿಂತು ಮೊದಲು ಕೇಳುತ್ತಿದ್ದುದು ಒಂದೇ ಮಾತು. "ಸುಬ್ಬಪ್ಪ, ಹೋದ ವಾರದ್ದು ಕೊನೆಗೆ ಎಂತಾಯ್ತ?" ನಾನು ಟಿಕೆಟ್ ಹರಿಯುತ್ತಲೇ ಕ್ಲೈಮ್ಯಾಕ್ಸ್ ಹೇಳುತ್ತಿದ್ದೆ. ಫೈಟಿದ್ದರೆ ಫೈಟು, ಅಳುವಿದ್ದರೆ ಅಳು. ಟಾಕೀಸು ಕಟ್ಟಿಸಿದ ದೊಡ್ಡ ಗೌಡರು ಬದುಕಿದ್ದಾಗ ಒಂದು ದಿನ ಇದನ್ನು ನಿಂತು ಕೇಳಿಸಿಕೊಂಡು ಹೇಳಿದ್ದರು: "ಟಿಕೆಟ್ ತಗೊಂಡೋರಿಗೆ ಮೋಸ ಆಗ್ಬಾರ್ದು ಕಣೋ. ಪರದೆ ಮೇಲೆ ಎಷ್ಟಾಯ್ತೋ ಅಷ್ಟು, ಉಳಿದಿದ್ದು ನಿನ್ನ ಬಾಯಲ್ಲಿ." ನಾನೂ ಮೋಸ ಮಾಡಿದವನಲ್ಲ. ಸತ್ತವರನ್ನು ಸತ್ತರು ಎಂದೇ ಹೇಳಿದ್ದೇನೆ, ಕೈಕೊಟ್ಟವರನ್ನು ಕೈಕೊಟ್ಟರು ಎಂದೇ ಹೇಳಿದ್ದೇನೆ. ಒಂದು ಸಲ ಮಾತ್ರ ತಪ್ಪಿದೆ. ಮೂರು ವರ್ಷದ ಹಿಂದೆ.

ನಮ್ಮ ಕಡೆಯವರು ಸಿನಿಮಾದ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ. ಅದರಲ್ಲಿ ಕಂಡ ಯಾವುದಾದರೂ ವಸ್ತು ಹಿಡಿದು ಹೆಸರಿಡುತ್ತಾರೆ. ಅದನ್ನು ಎಲ್ಲರೂ ತಟ್ಟೆ ಸಿನಿಮಾ ಎನ್ನುತ್ತಿದ್ದರು. ಮನೆಯವರ ಮಾತು ಮೀರಿ ಮದುವೆಯಾದ ಮಗಳು, ಅವಳ ಮುಖ ನೋಡುವುದಿಲ್ಲ ಎಂದು ಹಟ ಹಿಡಿದ ತಾಯಿ. ಮಗಳು ದಿನಾ ಮಧ್ಯಾಹ್ನ ಅಮ್ಮನಿಗೆಂದು ಇನ್ನೊಂದು ತಟ್ಟೆ ಇಟ್ಟು ಕಾಯುತ್ತಾಳೆ. ಕೊನೆಗೊಂದು ದಿನ ತಾಯಿ ಮನಸ್ಸು ಕರಗಿ, ಮನೆಗೆ ಬೀಗ ಹಾಕಿ, ಕೈಚೀಲ ಹಿಡಿದು ರಸ್ತೆಗೆ ಇಳಿಯುತ್ತಾಳೆ. ಅಲ್ಲಿಗೆ ಸರಿಯಾಗಿ ನನ್ನ ಹುಂಚದ ಬಸ್ಸಿನ ಕೂಗು.

ಆಮೇಲಿನದನ್ನು ನಾನು ಇಪ್ಪತ್ತೊಂದು ಸಲ ನೋಡಿದ್ದೆ. ತಾಯಿ ಹೋಗುತ್ತಾಳೆ. ಅಳಿಯ ಬಾಗಿಲು ತೆಗೆಯುತ್ತಾನೆ. ಒಳಗೆ ಮಗಳ ಫೋಟೋ, ಅದಕ್ಕೆ ಹಾರ, ಕೆಳಗೆ ಕವುಚಿಟ್ಟ ತಟ್ಟೆ. ಮಗಳು ಜ್ವರದಲ್ಲಿ ಹೋಗಿ ಹನ್ನೊಂದು ದಿನವಾಗಿರುತ್ತದೆ.

ಮುಂದಿನ ಸಂತೆಯ ದಿನ ಸಾಲಿನಲ್ಲಿ ಮೊದಲು ನಿಂತಿದ್ದವರು ವೆಂಕಮ್ಮ. ಹುಂಚದ ಹತ್ತಿರದ ಪುಟ್ಟಪ್ಪಗೌಡರ ಹೆಂಡತಿ. ವಾರ ತಪ್ಪದೆ ಬರುವವರು, ಬಂದರೆ ಗೇಟಿನಲ್ಲಿ ನನ್ನೊಡನೆ ನಾಲ್ಕು ಮಾತು ಜಗಳವಾಡಿಯೇ ಒಳಗೆ ಹೋಗುವವರು. ಅವತ್ತು ಜಗಳವಿಲ್ಲ. ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು. "ಆ ತಾಯಿ ಹೋದ್ಲಾ ಸುಬ್ಬಪ್ಪ?"

ಅವರ ಮಗಳು ಧನ್ಯಶ್ರೀ ಅದಕ್ಕೂ ಎರಡು ವರ್ಷದ ಹಿಂದೆ ಸಾಗರದ ಸಚಿನ್‌ನನ್ನು ಮದುವೆಯಾಗಿದ್ದಳು. ಸಚಿನ್ ಮೈಕ್ ಸೆಟ್ ಬಾಡಿಗೆಗೆ ಕೊಡುವ ಹುಡುಗ, ಒಳ್ಳೆಯವನು. ಆದರೆ ಅವನು ನಮ್ಮ ಪೈಕಿ, ಅವರ ಪೈಕಿ ಅಲ್ಲ. ಆ ಮನೆಯ ನೀರು ಮುಟ್ಟಕೂಡದು ಎಂದು ಪುಟ್ಟಪ್ಪಗೌಡರು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದರು. ಎರಡು ವರ್ಷದಿಂದ ವೆಂಕಮ್ಮ ಮಗಳ ಮುಖ ನೋಡಿರಲಿಲ್ಲ. ಇದು ಹುಂಚದ ಬಸ್ಸಿನಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿದ್ದ ಸಂಗತಿ.

ನಿಜ ನಾಲಿಗೆಯ ತುದಿಗೆ ಬಂದಿತ್ತು. ಸರಳಿನ ಮೇಲಿದ್ದ ಅವರ ಬೆರಳು ನೋಡಿದೆ. ಬಿಳಿಚಿಕೊಂಡಿದ್ದವು. ನನಗೆ ಸಂಕಟವಾಯಿತು, ಅಷ್ಟೇ. ದೊಡ್ಡ ಉಪಕಾರ ಮಾಡುವ ಯೋಚನೆ ಏನೂ ಇರಲಿಲ್ಲ.

"ಹೋದ್ಲು ಅಮ್ಮ," ಎಂದೆ. "ಮಗಳೇ ಬಾಗಿಲು ತೆಗೆದ್ಲು. ಇಬ್ರೂ ಕೂತು ಊಟ ಮಾಡಿದ್ರು."

ಅವರು ಸುಮ್ಮನೆ ಹೋಗುವವರಲ್ಲ. "ಎಂತ ಸಾರು?"

"ಬಸಳೆ ಸಾರು," ಎಂದುಬಿಟ್ಟೆ. ಅವತ್ತು ನಮ್ಮ ಮನೆಯಲ್ಲಿ ಅದೇ ಆಗಿತ್ತು.

ಸುಳ್ಳು ಒಂದಕ್ಕೆ ನಿಲ್ಲುವುದಿಲ್ಲ ನೋಡಿ. ವೆಂಕಮ್ಮನ ಹಿಂದೆಯೇ ಅದೇ ಬಸ್ಸಿನ ಹೂವಮ್ಮ ನಿಂತಿದ್ದಳು, ಅವಳ ಹಿಂದೆ ಉಳಿದವರು. ಒಂದೇ ಬಸ್ಸಿನವರಿಗೆ ಎರಡು ಕ್ಲೈಮ್ಯಾಕ್ಸ್ ಹೇಳಲಿಕ್ಕಾಗುತ್ತದೆಯೇ? ಅಷ್ಟೂ ಜನಕ್ಕೆ ಬಾಗಿಲು ತೆಗೆಸಿ, ಬಸಳೆ ಸಾರು ಬಡಿಸಿದೆ.

ಮೂರನೆಯ ವಾರ ವೆಂಕಮ್ಮ ಬಂದವರು ಟಿಕೆಟ್ ಕೂಡ ತೆಗೆಸಲಿಲ್ಲ. ಗೇಟಿನ ಹತ್ತಿರ ನಿಂತು ಪಿಸುಮಾತಿನಲ್ಲಿ ಹೇಳಿದರು. ಸಾಗರಕ್ಕೆ ಹೋಗಿದ್ದರಂತೆ. ಮಗಳೇ ಬಾಗಿಲು ತೆಗೆದಳಂತೆ. ಇವರಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲವಂತೆ. "ನಾನು ಹೊಸ್ತಿಲಲ್ಲೇ ನಿಂತು, ಸಿನಿಮಾದಲ್ಲಿ ಆ ತಾಯಿ ಬಸಳೆ ಸಾರು ಉಂಡ್ಲಂತೆ ಕಣೆ, ಅಂದೆ. ಹುಚ್ಚಿ ಹಂಗೆ. ಅವ್ಳು ಅಳ್ತಾ ಪಕ್ಕದ ಮನೆ ಚಪ್ಪರಕ್ಕೆ ಓಡಿ ಬಸಳೆ ಕೊಯ್ಕಂಡು ಬಂದ್ಲು ಸುಬ್ಬಪ್ಪ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದರು. ನಾನು ಆ ದಿನ ಯಾರ ಕಾಲನ್ನೂ ಕುರ್ಚಿಯಿಂದ ಇಳಿಸಲಿಲ್ಲ.

ಇನ್ನು ಈ ವರ್ಷದ ಮಾತು. ದೊಡ್ಡ ಗೌಡರು ತೀರಿಹೋದ ಮೇಲೆ ಟಾಕೀಸು ಅವರ ಮೊಮ್ಮಗ ಪೂರ್ಣೇಶನ ಕೈಗೆ ಬಂತು. ನಾವು ಸಣ್ಣ ಗೌಡರು ಎನ್ನುತ್ತೇವೆ. ಮೊದಲ ದಿನವೇ ನನ್ನನ್ನು ಕರೆದು ಕೂರಿಸಿಕೊಂಡು ಹೇಳಿದರು: "ಸುಬ್ಬಪ್ಪ, ಸಿನಿಮಾ ಅಂದ್ರೆ ಪರದೆ ಮೇಲಿಂದು ಮಾತ್ರ ಅಲ್ಲ. ಜನ ಮನೆ ಬಿಟ್ಟಾಗಿಂದ ಮತ್ತೆ ಮನೆ ಸೇರೋವರೆಗೆ ನಮ್ಮ ಆಟವೇ. ಮುಂಚೆ ಏನು ಬೇಕು, ಆಮೇಲೆ ಏನು ಬೇಕು, ಅವ್ರನ್ನೇ ಕೇಳೋಣ." ಓದಿದವರ ಮಾತು ಎಂದು ನಾನು ತಲೆಯಾಡಿಸಿದೆ.

ಗೇಟಿನ ಪಕ್ಕ ಒಂದು ಡಬ್ಬಿ ಇಟ್ಟು ಬಂದವರಿಗೆಲ್ಲ ಚೀಟಿ ಕೊಟ್ಟರು. ಒಂದು ತಿಂಗಳು ಚೀಟಿ ತುಂಬಿದವು. ಹೆಂಗಸರ ಕಕ್ಕಸಿಗೆ ಚಿಲಕ ಹಾಕಿಸಿ ಎಂದು ಐವತ್ತು ಜನ ಬರೆದಿದ್ದರು. ಸಂತೆಯಲ್ಲಿ ಕೊಂಡ ಕೋಳಿ ಇಡಲು ಜಾಗ ಬೇಕು ಎಂದು ಕೆಲವರು. ಅದು ಸರಿಯೇ, ಹೋದ ವರ್ಷ ದುಃಖದ ಸೀನಿನಲ್ಲಿ ಕುರ್ಚಿಯಡಿಯ ಹುಂಜ ಕೂಗಿ ಇಡೀ ಟಾಕೀಸು ನಕ್ಕಿತ್ತು. ಬೇಗ ಬಂದವರಿಗೆ ಕೂರಲು ಬೆಂಚು, ಒದ್ದೆ ಕೊಡೆ ನೇತುಹಾಕಲು ಕಂಬಿ. ಸುಬ್ಬಪ್ಪನ ಬಾಯಿ ಸ್ವಲ್ಪ ಕಡಿಮೆಯಾದರೆ ಒಳ್ಳೆಯದು ಎಂದೂ ಒಬ್ಬ ಬರೆದಿದ್ದ. ಅಕ್ಷರ ಯಾರದ್ದೆಂದು ನನಗೆ ಗೊತ್ತು.

ಹುಂಚದ ಬಸ್ಸಿನವರು ಒಬ್ಬರೂ ಬಿಡದೆ ಒಂದೇ ಬರೆದಿದ್ದರು: ಕೊನೆ ನೋಡಬೇಕು.

ನಾನು ಸಣ್ಣ ಗೌಡರನ್ನು ಸುಮ್ಮನೆ ಮಾತಿನವರು ಎಂದುಕೊಂಡಿದ್ದೆ. ತಪ್ಪು. ಮೂರು ತಿಂಗಳಲ್ಲಿ ಚಿಲಕ ಬಂತು, ಬೆಂಚು ಬಂತು, ಹಿತ್ತಲಲ್ಲಿ ಕೋಳಿಗೂ ಬುಟ್ಟಿ ಬಂತು. ಅವರೇ ಬಸ್ಸಿನ ಮಾಲೀಕರ ಮನೆಗೆ ನಾಲ್ಕು ಸಲ ಹೋಗಿ, ಸಂತೆಯ ದಿನ ಬಸ್ಸು ನಮ್ಮ ಟಾಕೀಸಿನ ಅಂಗಳಕ್ಕೇ ಬಂದು, ಸಿನಿಮಾ ಬಿಡುವವರೆಗೆ ನಿಂತು, ಆಮೇಲೆ ಹೊರಡುವಂತೆ ಒಪ್ಪಿಸಿಬಿಟ್ಟರು. ಇಪ್ಪತ್ತೇಳು ವರ್ಷ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ಕ್ಲೈಮ್ಯಾಕ್ಸ್ ಹೇಳುವ ಖುಷಿಯಲ್ಲಿ ನನಗೆ ಬೇಕಾಗಿರಲಿಲ್ಲವೋ. "ಇನ್ನು ಮಧ್ಯದಲ್ಲಿ ಕೂಗೋ ಕೆಲಸ ಇಲ್ಲ, ನೋಡೋರಿಗೆ ತೊಂದ್ರೆ," ಎಂದರು. ಸರಿ ಎಂದೆ. ಒಳಗೊಳಗೇ ಚುರುಕ್ ಎಂದಿತು, ಸುಳ್ಳು ಯಾಕೆ ಹೇಳಲಿ.

ನನಗೆ ಜೀವವೇ ಹೋದಂತಾದದ್ದು ಆಮೇಲೆ. ಡಬ್ಬಿಯಿಂದ ಬಂದ ಒಂದು ಚೀಟಿಯನ್ನು ಸಣ್ಣ ಗೌಡರು ಸಂಭ್ರಮದಿಂದ ತೋರಿಸಿದರು. "ತಟ್ಟೆ ಸಿನಿಮಾ ಇನ್ನೊಂದು ಸಲ ಹಾಕಿ. ಮಗಳ ಜೊತೆ ಕೂತು ಕೊನೆ ನೋಡಬೇಕು. ವೆಂಕಮ್ಮ." ಹಳೆಯ ಸಿನಿಮಾ ಮತ್ತೆ ಹಾಕುವುದು ಈಗ ಎಲ್ಲ ಕಡೆ ನಡೆಯುತ್ತಿದೆಯಂತೆ, ಇದರಿಂದಲೇ ಶುರು ಮಾಡೋಣ ಎಂದರು. ಅದು ಹಳೇ ಅಳುಬುರುಕ ಸಿನಿಮಾ, ಯಾರೂ ಬರಲ್ಲ ಎಂದೆ. ಫೈಟ್ ಇರುವುದು ಹಾಕೋಣ ಎಂದೆ. "ಬರೆದು ಕೇಳಿದಾರೆ ಸುಬ್ಬಪ್ಪ, ಕೊಡದಿದ್ರೆ ಡಬ್ಬಿ ಯಾಕೆ ಇಟ್ಟಿದ್ದು?" ಎಂದು ಅವರು ನಕ್ಕರು. ಟಾಕೀಸಿನ ಮುಂದೆ ತಟ್ಟೆ ಸಿನಿಮಾದ ಬೋರ್ಡು ಬಿತ್ತು.

ಆ ವಾರ ನನಗೆ ಅನ್ನ ರುಚಿಸಲಿಲ್ಲ. ಗಂಡನ ಮಾತು ಮೀರಿ ಆ ಹೆಂಗಸು ಸಾಗರದ ಬಸ್ಸು ಹತ್ತಿದ್ದು ನನ್ನ ಬಾಯಿಯ ಸುಳ್ಳನ್ನು ನಂಬಿ. ಈಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾರ ಹಾಕಿದ ಆ ಫೋಟೋ ನೋಡಬೇಕು. ನೋಡಿ ಏನೆಂದುಕೊಂಡಾರು? ತನ್ನ ಪೈಕಿಯ ಹುಡುಗನ ಸಂಸಾರ ಉಳಿಯಲಿ ಎಂದು ಸುಬ್ಬಪ್ಪ ನನ್ನನ್ನು ಮಂಗ ಮಾಡಿದ ಎಂದುಕೊಂಡರೆ ನಾನು ಏನು ಹೇಳಲಿ? ಈ ಸುಳ್ಳಿನ ಸಂಗತಿ ಪುಟ್ಟಪ್ಪಗೌಡರ ಕಿವಿಗೆ ಬಿದ್ದರೆ ಆ ತಾಯಿಮಗಳ ದಾರಿ ಮತ್ತೆ ಮುಚ್ಚಿದಂತೆಯೇ.

ಸಂತೆಯ ದಿನ ಧನ್ಯಶ್ರೀ ಸಾಗರದಿಂದ ಬಂದಳು, ವೆಂಕಮ್ಮ ಹುಂಚದಿಂದ. ಹೊಸನಗರ ಇಬ್ಬರಿಗೂ ನಡುವೆ. ಹೊಸ ಬೆಂಚಿನ ಮೇಲೆ ಕೂತು ಒಂದೇ ಪೊಟ್ಟಣದಲ್ಲಿ ಮಂಡಕ್ಕಿ ತಿಂದರು. ಹೇಳಿಬಿಡೋಣ ಎಂದು ಇಂಟರ್‌ವಲ್ಲಿನಲ್ಲಿ ಅವರ ಹತ್ತಿರ ಹೋದೆ. ವೆಂಕಮ್ಮ ನನ್ನ ತೋಳು ಹಿಡಿದೆಳೆದು ಮಗಳಿಗೆ ತೋರಿಸಿದರು. "ಇವ್ನೇ ಕಣೆ ಸುಬ್ಬಪ್ಪ. ಅವತ್ತು ಕೊನೆ ಹೇಳ್ದೋನು." ಧನ್ಯಶ್ರೀ ಎದ್ದು ನಿಂತು ಕೈಮುಗಿದಳು. "ಟೀ ಕುಡೀರಿ, ಚೆನ್ನಾಗಿದೆ," ಎಂದು ಹೇಳಿ ಬಂದೆ.

ಐದಕ್ಕೆ ಹತ್ತು ನಿಮಿಷ. ಅಂಗಳದಲ್ಲಿ ಬಸ್ಸು ತಣ್ಣಗೆ ನಿಂತಿತ್ತು. ಪರದೆಯ ಮೇಲೆ ತಾಯಿ ಮನೆಗೆ ಬೀಗ ಹಾಕಿದಳು, ಕೈಚೀಲ ತೆಗೆದುಕೊಂಡಳು. ನಾನು ಪಕ್ಕದ ಬಾಗಿಲ ಹತ್ತಿರ ನಿಂತಿದ್ದೆ. ಯೋಚನೆ ಮಾಡಿ ಮಾಡಿದ್ದಲ್ಲ. ಕೈ ತಾನಾಗಿ ಬಾಗಿಲು ತೆಗೆಯಿತು, ಬಾಯಿ ತಾನಾಗಿ ಕೂಗಿತು.

"ಹುಂಚದ ಬಸ್ಸು!"

ಅಷ್ಟೂ ಜನ ಎದ್ದರು. ಒಬ್ಬರಾದರೂ ಯೋಚಿಸಬೇಕಲ್ಲ! ಸಿನಿಮಾ ಬಿಡುವವರೆಗೆ ಬಸ್ಸು ಹೋಗುವುದಿಲ್ಲ ಎಂದು ಎರಡು ತಿಂಗಳಿಂದ ಬೋರ್ಡಿದೆ, ಬಂದಾಗ ಬಸ್ಸನ್ನು ಅಂಗಳದಲ್ಲೇ ನೋಡಿದ್ದಾರೆ. ಆದರೂ ಇಪ್ಪತ್ತೇಳು ವರ್ಷದ ಕೂಗು. ಚೀಲ, ಕೊಡೆ, ಕುತ್ತಿಗೆ ತಿರುಗಿಸಿಕೊಂಡು ಅದೇ ನಡಿಗೆ. ವೆಂಕಮ್ಮನೂ ಎದ್ದು ಬಂದರು. ಧನ್ಯಶ್ರೀ ಸಾಗರದವಳು, ಆ ಕೂಗು ಅವಳಿಗೆ ಸಂಬಂಧವಿಲ್ಲ. ಅವಳು ಆ ಸಿನಿಮಾ ನೋಡುತ್ತಿದ್ದುದೇ ಮೊದಲ ಸಲ. ಕಣ್ಣು ಪರದೆಗೆ ಅಂಟಿತ್ತು, ಅಮ್ಮ ಎದ್ದದ್ದೇ ತಿಳಿಯಲಿಲ್ಲ.

ಹೊರಗೆ ಡ್ರೈವರ್ ಜಯಪ್ಪ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಹೂವಮ್ಮ ಬಸ್ಸಿನ ತಗಡು ಬಡಿದಳು. ಜಯಪ್ಪ ಗಡಬಡಿಸಿ ಎದ್ದ. "ಯಾರ್ ಕರೆದ್ರು ನಿಮ್ಮನ್ನ? ಸಿನಿಮಾ ಬಿಟ್ಟಿಲ್ಲಲ್ಲ ಇನ್ನೂ!"

ಆಗ ಎಚ್ಚರವಾಯಿತು ಅವರಿಗೆ. ನನ್ನ ವಂಶವನ್ನೆಲ್ಲ ನೆನೆಯುತ್ತ ಎಲ್ಲರೂ ಒಳಗೆ ಓಡಿದರು. ವೆಂಕಮ್ಮ ಮಾತ್ರ ಓಡಲಿಲ್ಲ. ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡರು.

"ಹೋಗಲ್ವಾ ಅಮ್ಮ?"

"ಮಂಡಿ ಹಿಡ್ಕಂಡಿದೆ ಮಾರಾಯ. ಆ ಮೂರು ಮೆಟ್ಲು ಮತ್ತೆ ಹತ್ತೋರು ಯಾರು. ಕೊನೆ ಹೆಂಗೂ ನಂಗೆ ಗೊತ್ತಲ್ಲ."

ನಾನು ಅವರ ಪಕ್ಕದಲ್ಲಿ ನಿಂತೆ. ಒಳಗಿನ ಸದ್ದೆಲ್ಲ ಕೇಳುತ್ತಿತ್ತು. ಆ ಸಿನಿಮಾವನ್ನು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಇದು ತಾಯಿ ಬಾಗಿಲು ತಟ್ಟಿದ್ದು. ಇದು ಚಿಲಕ ತೆಗೆದದ್ದು. ಆಮೇಲೆ ಮೌನ, ಆಮೇಲೆ ಪಿಟೀಲು.

"ಎಂತಕ್ಕೆ ಇಷ್ಟು ದುಃಖದಲ್ಲಿ ಪಿಟೀಲು ಬಾರಿಸ್ತಾರೆ?" ಎಂದರು ವೆಂಕಮ್ಮ.

"ತುಂಬ ದಿನ ಆದ್ಮೇಲೆ ಸೇರಿದಾರಲ್ಲ. ಅದಕ್ಕೆ."

"ಹೌದೌದು," ಎಂದರು.

ಬಾಗಿಲು ತೆರೆಯಿತು. ಜನ ಹೊರಗೆ ಬಂದರು. ಹುಂಚದವರು ಮೊದಲು ನೋಡಿದ್ದು ನನ್ನನ್ನು. ಮೂರು ವರ್ಷದಿಂದ ತಮ್ಮ ಮನೆಮನೆಯಲ್ಲಿ ಬಸಳೆ ಸಾರು ಉಂಡ ತಾಯಿಯ ಕಥೆ ಹೇಳಿಕೊಂಡಿದ್ದರು. ಹೂವಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೇರ ನನ್ನ ಕಡೆಗೇ ಬಂದಳು. ಅವಳ ಬಾಯಿ ನನ್ನದಕ್ಕಿಂತ ದೊಡ್ಡದು. ಮುಗಿಯಿತು ಎಂದುಕೊಂಡೆ.

ಅವಳಿಗಿಂತ ಮೊದಲು ಧನ್ಯಶ್ರೀ ಬಂದಳು. ಕಣ್ಣು ಕೆಂಪಾಗಿತ್ತು. ಅಮ್ಮನನ್ನು ಹುಡುಕುತ್ತ ಬಂದವಳು ಬೆಂಚಿನ ಮುಂದೆ ನಿಂತಳು.

ವೆಂಕಮ್ಮ ಮುಖವೆತ್ತಿ ಕೇಳಿದರು. "ಆ ತಾಯಿ ಹೋದ್ಲಾ ಮಗಾ?"

ಧನ್ಯಶ್ರೀ ನನ್ನನ್ನೊಮ್ಮೆ ನೋಡಿದಳು. ಎಲ್ಲ ತಿಳಿಯಿತು ಅವಳಿಗೆ. ನಾನು ತಲೆ ತಗ್ಗಿಸಿದೆ.

"ಹೋದ್ಲು ಅಮ್ಮ," ಎಂದಳು. ಅದು ನಿಜವೇ.

"ಮತ್ತೆ, ಊಟ ಮಾಡಿದ್ರಾ?"

"ಮಾಡಿದ್ರು."

"ಎಂತ ಸಾರು?"

ಅಂಗಳದಲ್ಲಿ ಮೂವತ್ತು ಜನ ನಿಂತಿದ್ದಾರೆ. ಧನ್ಯಶ್ರೀ ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತು, ಅವರ ಮಂಡಿಯ ಮೇಲೆ ಕೈಯಿಟ್ಟಳು.

"ಬಸಳೆ."

ವೆಂಕಮ್ಮ ನನ್ನ ಕಡೆ ತಿರುಗಿದರು. "ನೋಡ್ದ್ಯಾ, ನೀ ಹೇಳಿದ್ದೇ ಸರಿ."

ಬೈಯಲು ತೆರೆದಿದ್ದ ಬಾಯಿಯನ್ನು ಹೂವಮ್ಮ ಮುಚ್ಚಲಿಲ್ಲ, ಮಾತು ಬದಲಾಯಿಸಿದಳು. "ಹೌದ್ ಮತ್ತೆ ವೆಂಕಮ್ಮ, ಬಸಳೇನೇ. ತಟ್ಟೆ ತುಂಬ ಬಡಿಸಿದ್ಲು ಆ ಹುಡುಗಿ." ಹಿಂದಿನಿಂದ ಯಾರೋ "ಹೌದು, ಹೌದು" ಎಂದರು. ಉಳಿದವರು ಒಬ್ಬೊಬ್ಬರೇ ಬಸ್ಸು ಹತ್ತಿದರು.

ಅಷ್ಟರಲ್ಲಿ ಸಣ್ಣ ಗೌಡರು ಕೆಂಡಾಮಂಡಲವಾಗಿ ಬಂದರು. ಕೂಗಬೇಡಿ ಎಂದಿದ್ದೆನಲ್ಲ, ಸರಿಯಾಗಿ ಕ್ಲೈಮ್ಯಾಕ್ಸಿಗೇ ಜನರನ್ನು ಎಬ್ಬಿಸಿದಿರಲ್ಲ, ಆ ಅಮ್ಮ ಬರೆದು ಕೇಳಿದ ಒಂದೇ ಒಂದು ಸಿನಿಮಾ, ಅವರಿಗೇ ಕೊನೆ ಸಿಗದ ಹಾಗಾಯಿತಲ್ಲ ಎಂದು ರೇಗಿದರು. ಅವರು ಹೇಳುವುದರಲ್ಲಿ ತಪ್ಪಿರಲಿಲ್ಲ. ಅಭ್ಯಾಸಬಲ ಗೌಡ್ರೆ, ಇನ್ನು ಕೂಗಲ್ಲ ಎಂದೆ. ಅದಾದ ಮೇಲೆ ಕೂಗಿಯೂ ಇಲ್ಲ. ಈಗ ಎಲ್ಲರೂ ಎಲ್ಲ ಸಿನಿಮಾದ ಕೊನೆಯನ್ನೂ ನೋಡಿಯೇ ಹೋಗುತ್ತಾರೆ, ಒಳ್ಳೆಯದೇ ಆಯಿತು.

ಅವರ ಬೈಗುಳ ನನ್ನ ಒಂದು ಕಿವಿಯಲ್ಲಿತ್ತು, ಕಣ್ಣು ಬಸ್ಸಿನ ಕಡೆಗಿತ್ತು. ಜಯಪ್ಪ ಹಾರನ್ ಹೊಡೆದ. ವೆಂಕಮ್ಮ ಮಗಳ ಕೆನ್ನೆ ಸವರಿ, ಎದ್ದು ಬಸ್ಸಿನ ಬಾಗಿಲಿಗೆ ಹೋದರು. ನಮ್ಮ ಟಾಕೀಸಿನ ಮೆಟ್ಟಿಲು ಗೇಣೆತ್ತರ, ಆ ಬಸ್ಸಿನದ್ದು ಮೊಣಕಾಲೆತ್ತರ. ವೆಂಕಮ್ಮ ಕಂಬಿ ಕೂಡ ಹಿಡಿಯದೆ ಸರಸರನೆ ಹತ್ತಿದರು. ಸಿನಿಮಾದ ನಿಜವಾದ ಕೊನೆ ಅವರಿಗೆ ಎಂದಿನಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ.